ಕಳುಹಿಸಿದವರ ವಿಳಾಸ

ಜನವರಿ 6

ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೇವೆ. ನನ್ನ ಸೊಂಟನೋವು ಮಾತ್ರ ಮೊದಲಿನ ಹಾಗೇ ಇದೆ. ಈಗ ಅದು ಇನ್ನೂ ಜಾಸ್ತಿಯಾಗುವಂಥ ಕೆಲಸ ಬೇರೆ ಗಂಟುಬಿದ್ದಿದೆ.

ಮೊಬೈಲಿಗೆ ಜೋಡಿಸಿಕೊಂಡು ಎಲ್ಲಿಂದ ಬೇಕಾದರೂ ನಡೆಸುವ ಬೀಗ, ದೀಪ, ಹೀಟರ್, ಕ್ಯಾಮೆರಾ ಇವೆಯಲ್ಲ, ಅವಕ್ಕೆಲ್ಲ ಸೇರಿಸಿ ಸರ್ಕಾರ ಒಂದು ರಾಷ್ಟ್ರೀಯ ನೀತಿ ಮಾಡುತ್ತಿದೆ. ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದ್ದಾರೆ. ಬಂದದ್ದನ್ನೆಲ್ಲ ಓದಿ, ನಂಬರು ಹಾಕಿ, ಒಂದೊಂದಕ್ಕೂ ಎರಡು ಸಾಲಿನ ಸಾರಾಂಶ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಮೇಜು, ಅದರ ಸುತ್ತ ನಾವು ಆರು ಜನ. ಕೊನೆಯಲ್ಲಿ ನಮ್ಮ ಮೇಡಂ ಕನ್ನಡಕದ ಮೇಲಿಂದ ನೋಡುತ್ತ ಕೂತಿರುತ್ತಾರೆ. ಫೋನುಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ.

ಬಂದಿರುವುದೆಲ್ಲ ಕಂಪನಿಗಳವರ ಅಭಿಪ್ರಾಯ. ದಪ್ಪ ಕಾಗದ, ಬಣ್ಣದ ನಕ್ಷೆ. 'ಮನೆ' ಎನ್ನುವ ಪದ ಪುಟಕ್ಕೆ ಹತ್ತು ಸಲ ಬರುತ್ತದೆ, ಮನೆಯೊಳಗಿರುವ ಒಬ್ಬ ಮನುಷ್ಯನೂ ಬರುವುದಿಲ್ಲ. ನೀನು ದಿನವಿಡೀ ಜನರ ಬಾಗಿಲ ಮುಂದೆ ಮಂಡಿಯೂರಿ ಕೂತು ಕೆಲಸ ಮಾಡುವವಳು. ಕಂಡದ್ದನ್ನು ಬರೆದು ಕಳಿಸು. ಫಾರಂ ಇದರ ಜೊತೆಗಿದೆ. ಮೂವತ್ತೊಂದು ಕೊನೆಯ ದಿನ.

ನಿನ್ನ ತಮ್ಮ

ಜನವರಿ 11

ಪ್ರೀತಿಯ ಗುಂಡ,

ಸರ್ಕಾರ ನನ್ನ ಅಭಿಪ್ರಾಯ ಕೇಳಿದೆ ಅಂದರೆ ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಬೀಗದಂಗಡಿ ಶುರುಮಾಡಿದ ದಿನದಿಂದ ಅವರನ್ನು ಯಾರೂ ಏನೂ ಕೇಳಿರಲಿಲ್ಲ, 'ಎಷ್ಟು ಹೊತ್ತಾಗುತ್ತೆ' ಅನ್ನುವುದೊಂದು ಬಿಟ್ಟು.

ನಗು ಹಾಗಿರಲಿ. ನಿನಗೊಂದು ವಿಷಯ ಹೇಳಬೇಕಿತ್ತು. ಫೋನಿನಲ್ಲಿ ಹೇಳುವ ಹಾಗಿಲ್ಲ. ಯಾಕೆಂದು ಓದಿದರೆ ಗೊತ್ತಾಗುತ್ತದೆ. ಅಂಗಡಿಯ ಮೇಲಿನ ಕೋಣೆಗೆ ನವೆಂಬರಿನಲ್ಲಿ ಒಬ್ಬಾಕೆ ಬಂದಿದ್ದಾಳೆ. ಗಣಿತದ ಟೀಚರ್. ಮೊದಲು ಗಿರಾಕಿಯಾಗಿ ಬಂದದ್ದು. "ಬೇರೆ ಕಡೆ ಕೂತ್ಕೊಂಡು ತೆಗೆಯೋಕೆ ಆಗದೇ ಇರೋ ಬೀಗ ಇದೆಯಾ ಅಕ್ಕ?" ಅಂದಳು. ನಾನು ಅಪ್ಪನ ಕಾಲದ ಕಬ್ಬಿಣದ ಅಗುಳಿಯೊಂದನ್ನು ತೋರಿಸಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹಾಕುವುದಕ್ಕೆ ಅವಳಿಗೆ ಬಾಗಿಲೇ ಇರಲಿಲ್ಲ. ಕೊನೆಗೆ ಅದನ್ನು ಮೇಲಿನ ಕೋಣೆಯ ಬಾಗಿಲಿಗೇ ಹಾಕಿಕೊಟ್ಟೆ.

ಅವಳ ಗಂಡ ಕೆಲಸಕ್ಕೆಂದು ವಾರದಲ್ಲಿ ನಾಲ್ಕು ದಿನ ಬೇರೆ ಊರಲ್ಲಿರುತ್ತಿದ್ದನಂತೆ. ಮನೆಯ ಬೀಗ, ಹೀಟರ್, ದೀಪ ಎಲ್ಲ ಅವನ ಮೊಬೈಲಿನಲ್ಲಿ. ಇವಳು ಫೋನ್ ಎತ್ತುವುದು ತಡವಾದರೆ ಅಲ್ಲಿಂದಲೇ ಹೀಟರ್ ಆರಿಸುತ್ತಿದ್ದ. ಇವಳು ಕೋಟು ಹಾಕಿಕೊಂಡು ಉತ್ತರಪತ್ರಿಕೆ ತಿದ್ದಬೇಕು. ಎರಡು ಸಲ ಬೆಳಿಗ್ಗೆ ಬಾಗಿಲೇ ತೆಗೆಯಲಿಲ್ಲವಂತೆ. ಪರೀಕ್ಷೆಯ ದಿನ ಶಾಲೆಗೆ ಹೋಗಲಾಗದೆ ಬೇಜವಾಬ್ದಾರಿ ಹೆಂಗಸು ಅನ್ನಿಸಿಕೊಂಡಳು. ಕಂಪನಿಗೆ ಫೋನ್ ಮಾಡಿದರೆ, "ಖಾತೆ ಯಜಮಾನರ ಹೆಸರಲ್ಲಿದೆ ಮೇಡಂ, ಅವರೇ ಕೇಳಬೇಕು" ಅಂದರಂತೆ. ಒಂದು ದಿನ ನಲ್ಲಿ ರಿಪೇರಿಯವನಿಗಾಗಿ ಅವನೇ ಅಲ್ಲಿಂದ ಬಾಗಿಲು ತೆಗೆದ. ನಲ್ಲಿಯವನು ಒಳಗೆ ಬಂದ, ಇವಳು ಹೊರಗೆ ಹೋದಳು. ಅಷ್ಟೇ.

ಈಗಲೂ ಯಾರಾದರೂ ಮೊಬೈಲು ಹೊರತೆಗೆದರೆ ಅವಳ ಮುಖ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಅಂಗಡಿಯ ಹಳೆಯ ಫೋನೊಂದು ಬಿಟ್ಟು ಇಲ್ಲೇನೂ ಇಟ್ಟಿಲ್ಲ.

ಅವಳನ್ನು ಕೇಳಿಯೇ ಫಾರಂ ತುಂಬಿದೆ. "ಬರೀರಿ ಅಕ್ಕ. ಹೆಸರು ಬೇಡ, ಊರು ಬೇಡ" ಅಂದಳು. ಹಾಗೇ ಬರೆದಿದ್ದೇನೆ. ಮನೆಯಲ್ಲಿ ಇರುವವರ ಕೈಗೆ ಬಾಗಿಲು ಸಿಗಬೇಕು, ಬಿಲ್ಲಿನಲ್ಲಿ ಹೆಸರಿರುವವರ ಕೈಗಲ್ಲ, ಅಂತ. ಕೊನೆಯಲ್ಲಿ 'ಕಳುಹಿಸಿದವರ ವಿಳಾಸ' ಅಂತಿತ್ತು. ಅಂಗಡಿಯದು ಹಾಕಿದೆ. 'ಪ್ರಕಟಿಸಬಹುದೇ' ಅಂತಿತ್ತು. ಹೂಂ ಅಂದೆ. ನನಗೇನು ಭಯ?

ನಿನ್ನ ಅಕ್ಕ

ಜನವರಿ 21

ಅಕ್ಕಾ,

ನಿನ್ನ ಫಾರಂ ಬಂತು. ಸ್ವೀಕೃತಿ ಸಂಖ್ಯೆ 2914. ನಾನೇ ಮೊಹರು ಒತ್ತಿದೆ. ಮೇಜಿನ ಸುತ್ತ ಇದ್ದವರಿಗೆ ಗಟ್ಟಿಯಾಗಿ ಓದಿ ಹೇಳಿದೆ.  ಓದಿ ಮುಗಿಸಿದಾಗ ಮೇಡಂ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

ಇನ್ನೊಂದು ಸಂತೋಷದ ಸುದ್ದಿ. ಮೊನ್ನೆ ಮೊದಲ ಸಭೆ ನಡೆಯಿತು. ತಯಾರಕರ ಸಂಘದ ಕಡೆಯಿಂದ ಒಬ್ಬ ಸಲಹೆಗಾರರು ಬಂದಿದ್ದರು. ತುಂಬಾ ಮೆದು ಮಾತಿನ ಮನುಷ್ಯ. ನಮ್ಮಂಥ ಗುಮಾಸ್ತರಿಗೂ ಎದ್ದು ನಿಂತು ನಮಸ್ಕಾರ ಹೇಳುತ್ತಾರೆ. ಸಾಮಾನ್ಯ ಜನ ಏನು ಬರೆದಿದ್ದಾರೆ ನೋಡಬಹುದಾ ಅಂದರು. ಎಲ್ಲವೂ ಸಾರ್ವಜನಿಕ ದಾಖಲೆಯೇ, ನೋಡುವುದಕ್ಕೆ ಅಡ್ಡಿಯಿಲ್ಲ. ನಿನ್ನದನ್ನು ಕೊಟ್ಟೆ. ಎರಡು ಸಲ ಓದಿದರು. "ಬರೆದವರು ಹೆಂಗಸಾ? ಬೀಗದ ಕೆಲಸ ಮಾಡ್ತಾರಾ?" ಅಂತ ಕೇಳಿದರು. ನಮ್ಮಕ್ಕ ಸಾರ್ ಅಂದೆ. ಹೆಮ್ಮೆಯಿಂದಲೇ ಅಂದೆ ಅಂತಿಟ್ಟುಕೋ.

"ಆ ಬೂದು ಕೋಟು ಹಾಕ್ಕೊಂಡು ಪೇಪರ್ ತಿದ್ದೋ ಚಿತ್ರ ಕಣ್ಮುಂದೆ ಬರುತ್ತೆ ರೀ. ಇಂಥವರಿಗೆ ನೀತಿಯಲ್ಲಿ ಒಂದು ಅಧ್ಯಾಯವೇ ಇರಬೇಕು" ಅಂದರು. ಅಂಥ ದೊಡ್ಡವರ ಮನಸ್ಸಿನಲ್ಲಿ ನಿನ್ನ ಒಂದು ಸಾಲು ಕೂತುಬಿಟ್ಟಿದೆ ನೋಡು. ನೀನು ಶಾಲೆಯಲ್ಲಿ ಪ್ರಬಂಧಕ್ಕೆ ಯಾವತ್ತೂ ಐದಕ್ಕಿಂತ ಹೆಚ್ಚು ತೆಗೆದವಳಲ್ಲ.

ನಿನ್ನ ತಮ್ಮ

ಜನವರಿ 28

ಪ್ರೀತಿಯ ಗುಂಡ,

ಐದಲ್ಲ, ಆರು. ಒಂದು ಸಲ ಆರೂವರೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಟೀಚರಿಗೆ ಓದಿ ಹೇಳಲಿಲ್ಲ. ಯಾರೋ ವಿಚಾರಿಸಿದರು ಅಂದರೇ ಗಾಬರಿಯಾಗುತ್ತಾಳೆ. ನೀತಿ ಆಗಲಿ, ಅಚ್ಚಾದ ಪುಸ್ತಕವನ್ನೇ ಅವಳ ಕೈಗಿಟ್ಟರಾಯಿತು ಅಂದುಕೊಂಡಿದ್ದೇನೆ. ಈಚೆಗೆ ಸ್ವಲ್ಪ ಚೇತರಿಸಿಕೊಂಡಿದ್ದಾಳೆ. ಮೊದಮೊದಲು ಕಿಟಕಿ ತೆಗೆಯುತ್ತಲೇ ಇರಲಿಲ್ಲ. ಈಗ ಬೆಳಿಗ್ಗೆ ತೆಗೆದು ಪಕ್ಕದ ಮನೆಯ ಟೈಲರಮ್ಮನ ಜೊತೆ ಕಿಟಕಿಯಿಂದ ತಾರಸಿಗೆ ಮಾತಾಡುತ್ತಾಳೆ. ಟೈಲರಮ್ಮನ ಮಗಳಿಗೆ ಲೆಕ್ಕ ಹೇಳಿಕೊಡುತ್ತಾಳೆ. ಆ ಹುಡುಗಿಗೆ ಭಿನ್ನರಾಶಿ ಅರ್ಥವಾದ ದಿನ ಇಬ್ಬರೂ ಕೂಗಿದ ಕೂಗಿಗೆ ನನ್ನ ಕೈಯಲ್ಲಿದ್ದ ಕೀಲಿಕೈ ಜಾರಿ ಬಿತ್ತು.

ಈ ವಾರ ಎರಡು ಸಲ ಅಂಗಡಿಗೆ ಫೋನ್ ಬಂತು. ಯಾರೋ ಗಂಡಸು, ತುಂಬಾ ಮರ್ಯಾದೆಯ ಮಾತು. "ಮೇಲಿನ ಕೋಣೆ ಬಾಡಿಗೆಗಿದೆಯಾ ಮೇಡಂ?" ಇಲ್ಲ ಸ್ವಾಮಿ, ಜನ ಇದ್ದಾರೆ ಅಂದೆ. "ಒಬ್ಬರೇ ಇದ್ದಾರಾ?" ಅಂದ. ಬಾಡಿಗೆಗೆ ಕೋಣೆ ಹುಡುಕುವವರು ಎಲ್ಲವನ್ನೂ ಕೇಳುತ್ತಾರೆ. ನಾನು ಬೋರ್ಡನ್ನೇ ಹಾಕಿಲ್ಲ, ಇವನಿಗೆ ಯಾರು ಹೇಳಿದರೋ.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೋ.

ನಿನ್ನ ಅಕ್ಕ

ಫೆಬ್ರವರಿ 4

ಅಕ್ಕಾ,

ನಿನ್ನ ಪತ್ರ ಬಂತು. ನಾವು ಕ್ಷೇಮ. ಆಫೀಸಿನಲ್ಲಿ ಕೆಲಸ ಜಾಸ್ತಿ, ಹೆಚ್ಚು ಬರೆಯಲಾರೆ.

ಅಂಗಡಿಯ ಬಾಗಿಲನ್ನು ಬೇಗ ಹಾಕು. ಗುರುತಿಲ್ಲದವರ ಹತ್ತಿರ ಮಾತು ಬೆಳೆಸಬೇಡ. ನಿಮ್ಮ ಟೀಚರಿಗೆ ನೆಂಟರಿಷ್ಟರು ಯಾರಾದರೂ ಇದ್ದರೆ ಸ್ವಲ್ಪ ದಿನ ಅಲ್ಲಿಗೆ ಹೋಗಿಬಂದರೆ ಹವಾ ಬದಲಾದ ಹಾಗಾಗುತ್ತದೆ. ಚಳಿಯೂ ಇದೆ. ಇದನ್ನು ಸುಮ್ಮನೆ ಹೇಳುತ್ತಿದ್ದೇನೆ, ಬೇರೇನೂ ಇಲ್ಲ.

ನಿನ್ನ ತಮ್ಮ

ಫೆಬ್ರವರಿ 10

ಪ್ರೀತಿಯ ಗುಂಡ,

ಇದೇನೋ ನಿನ್ನ ಪತ್ರ? ನಿಮ್ಮ ಆಫೀಸಿನವರು ಅರ್ಜಿಗೆ ಕೊಡುವ ಹಿಂಬರಹದ ಹಾಗಿದೆ. ಮನೆಯಲ್ಲಿ ಜಗಳವಾಡಿಕೊಂಡು ಬರೆಯಲು ಕೂತೆಯಾ? ನನಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆ ಅಂದರೆ ಇಬ್ಬರಿಗೂ ವಯಸ್ಸಾಯಿತು ಅಂತ ಅರ್ಥ. ಅಂಗಡಿಯನ್ನು ಬೇಗ ಮುಚ್ಚಿದರೆ ಕೀಲಿ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು?

ನೀನು ಬೇಜಾರಿನಲ್ಲಿದ್ದರೆ ಇದನ್ನು ಕೇಳಿ ಖುಷಿಪಡು. ನಿಮ್ಮ ಸಲಹೆಗಾರರು ನನಗೇ ಪತ್ರ ಬರೆದಿದ್ದಾರೆ! ಒಳ್ಳೆಯ ದಪ್ಪ ಕಾಗದ. ಹದಿಮೂರನೇ ತಾರೀಖು ಗುರುವಾರ ಈ ಕಡೆ ಬರುತ್ತಾರಂತೆ. ನೊಂದವರ ಬಾಯಿಂದಲೇ ಕೇಳಿ ದಾಖಲಿಸಿಕೊಳ್ಳಬೇಕಂತೆ. ಕೆಳಗೊಂದು ಸುರುಳಿ ಸಹಿ, ಹೆಸರನ್ನು ಓದಲು ಬರುವುದಿಲ್ಲ, 'ಸಲಹೆಗಾರರು' ಅಂತಷ್ಟೇ ಅಚ್ಚಾಗಿದೆ.

ಇಷ್ಟಾದ ಮೇಲೆ ಟೀಚರಿಗೆ ಹೇಳದೆ ವಿಧಿಯಿರಲಿಲ್ಲ. ನೀತಿ ಮಾಡುವ ಕಡೆಯಿಂದ ದೊಡ್ಡವರೊಬ್ಬರು ಬರುತ್ತಾರೆ, ನನ್ನ ತಮ್ಮನಿಗೆ ಗೊತ್ತಿರುವವರೇ ಅಂದೆ.  "ಹೇಳ್ತೀನಿ ಅಕ್ಕ. ಒಂದ್ಸಲ ಯಾರಾದ್ರೂ ಪೂರ್ತಿ ಕೇಳಲಿ" ಅಂದಳು. ಈಗ ಮೇಲೆ ಕೂತು ಏನು ಹೇಳಬೇಕೆಂದು ಬರೆದುಕೊಳ್ಳುತ್ತಿದ್ದಾಳೆ. ಎರಡು ಸಲ ಕೆಳಗೆ ಬಂದು, "ತಾರೀಖೆಲ್ಲ ಹಾಕ್ಲಾ?" ಅಂತ ಕೇಳಿದಳು.

ಅವತ್ತು ಮಾತಿನ ಮಧ್ಯೆ ಫೋನ್ ಬಡಿದುಕೊಂಡರೆ ಬೆಚ್ಚಿಬೀಳುತ್ತಾಳೆ. ಅದರ ವೈರನ್ನೇ ಕಿತ್ತಿಡುತ್ತೇನೆ.

ನಿನ್ನ ಅಕ್ಕ

ಫೆಬ್ರವರಿ 13, ತುರ್ತು ಅಂಚೆ

ಅಕ್ಕಾ,

ನಿನ್ನ ಪತ್ರ ಈಗ ಹತ್ತು ಗಂಟೆಗೆ ಕೈಸೇರಿತು. ಆಗಿನಿಂದ ಹನ್ನೊಂದು ಸಲ ಫೋನ್ ಮಾಡಿದೆ. ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ನಿಮ್ಮ ಠಾಣೆಗೆ ಮಾಡಿದೆ. ಬರವಣಿಗೆಯಲ್ಲಿ ದೂರು ಕೊಡಿ ಅಂದರು. ರೈಲು ಹತ್ತಿದರೂ ಎರಡು ದಿನ, ವಿಮಾನದಲ್ಲಿ ಹೋಗುವ ಈ ಅಂಚೆಯೇ ಬೇಗ.

ಆ ಸಲಹೆಗಾರರನ್ನು ಒಳಗೆ ಬಿಡಬೇಡ. ಟೀಚರನ್ನು ತೋರಿಸಬೇಡ. ಅವರು ಬೂದು ಕೋಟು ಅಂದದ್ದು ನೆನಪಿದೆಯಾ? ಸಾರಾಂಶ ಬರೆಯಲು ನಿನ್ನ ಫಾರಂ ಮತ್ತೆ ತೆಗೆದಾಗ ನೋಡಿದೆ. ನೀನು ಕೋಟು ಅಂತಷ್ಟೇ ಬರೆದಿದ್ದೀಯ. ಬಣ್ಣವನ್ನು ಎಲ್ಲೂ ಬರೆದಿಲ್ಲ. ನೋಡಿದವರಿಗಲ್ಲದೆ ಅದು ಬೇರೆ ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ.

ಇನ್ನೊಂದನ್ನೂ ನಿನಗೆ ಹೇಳಿಲ್ಲ. ಆ ದಿನ ಹೊರಡುವಾಗ ಅವರು, "ಈಗ ಆ ಹೆಣ್ಣುಮಗಳು ಸುರಕ್ಷಿತವಾಗಿದ್ದಾರೆ ತಾನೇ?" ಅಂದರು. "ಚಿಂತೆ ಇಲ್ಲ ಸಾರ್, ನಮ್ಮಕ್ಕನ ಅಂಗಡಿ ಮೇಲೇ ಇದ್ದಾರೆ" ಅಂದುಬಿಟ್ಟೆ.

ಬಣ್ಣದ ವಿಷಯ ನನಗೆ ಹೊಳೆದದ್ದು ಎರಡನೇ ತಾರೀಖು. ನಾಲ್ಕರಂದು ನಿನಗೆ ಬರೆಯುವಾಗ ಗೊತ್ತಿತ್ತು. ಖಚಿತವಿಲ್ಲದೆ ದೊಡ್ಡ ಮನುಷ್ಯರ ಮೇಲೆ ಹೇಗೆ ಹೇಳುವುದು ಅಂದುಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು.

ತಮ್ಮ

ಫೆಬ್ರವರಿ 15

ತಮ್ಮಾ,

ನಿನ್ನ ತುರ್ತು ಅಂಚೆ ನಿನ್ನೆ ಮಧ್ಯಾಹ್ನ ಬಂತು. ಅವನು ಬಂದದ್ದು ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ.

ಬಾಗಿಲಲ್ಲಿ ನಿಂತು, ಒಳಗೆ ಬರಬಹುದಾ ಅಂತ ಕೇಳಿ ಬಂದ. ನಿನ್ನ ಹೆಸರು ಹೇಳಿ ಹೊಗಳಿದ. ಕೌಂಟರಿನ ಮೇಲಿದ್ದ ಬೀಗವನ್ನು ಎತ್ತಿಕೊಂಡು, ತಿರುಗಿಸಿ ನೋಡಿ, "ಇಂಥ ಕೆಲಸ ಈಗೆಲ್ಲಿ ಬಿಡಿ" ಅಂದ. ನನಗೆ ಹಿಗ್ಗಾಯಿತು. ಅದನ್ನು ಮುಚ್ಚಿಡುವುದಿಲ್ಲ. ನಾನೇ ಮೆಟ್ಟಿಲ ಬುಡಕ್ಕೆ ಹೋಗಿ, "ಟೀಚರ್, ಬನ್ನಿ, ಅವರು ಬಂದಿದ್ದಾರೆ" ಅಂತ ಕೂಗಿದೆ.

ತಲೆ ಬಾಚಿಕೊಂಡು, ಬರೆದ ಹಾಳೆಗಳನ್ನು ಹಿಡಿದುಕೊಂಡು ಇಳಿದು ಬಂದಳು. ಕೆಳಗಿನಿಂದ ನಾಲ್ಕನೇ ಮೆಟ್ಟಿಲಿಗೆ ನಿಂತಳು.

ಅವನು ಸ್ಟೂಲಿನಿಂದ ಎದ್ದು ನಿಂತ. "ಕೋಟು ಹಾಕ್ಕೊಂಡಿಲ್ವಲ್ಲ. ಚಳಿ ಆಗಲ್ವಾ?" ಅಂದ. ಅಷ್ಟೇ ಅಂದದ್ದು. ಮಗುವನ್ನು ಕೇಳುವ ಹಾಗೆ.

ಅವಳು ಕೂಗಲಿಲ್ಲ. ಹಾಳೆಗಳನ್ನು ನಾಲ್ಕಾಗಿ ಮಡಚಿಕೊಂಡಳು. ನನ್ನ ಮುಖ ನೋಡಿದಳು. ಆ ನೋಟವನ್ನು ನಿನಗೆ ಬರೆದು ತಿಳಿಸಲಾರೆ. ನಾನೇ ಮಾರಿಬಿಟ್ಟೆ ಅಂದುಕೊಂಡಳೋ ಏನೋ. ತಿರುಗಿ ಮೇಲೆ ಹೋದಳು. ಅಗುಳಿ ಬಿದ್ದ ಸದ್ದು ಕೇಳಿಸಿತು.

"ನನ್ನ ಹೆಂಡತಿ" ಅಂದ. "ಅವಳ ಮನಸ್ಸು ಸರಿಯಿಲ್ಲ. ಡಾಕ್ಟರಿಗೆ ತೋರಿಸ್ತಾ ಇದ್ವಿ. ನೀವು ಆಸರೆ ಕೊಟ್ಟಿದ್ದಕ್ಕೆ ನಾನು ಋಣಿ. ಪರವಾಗಿಲ್ಲ, ಕಾಯ್ತೀನಿ. ಕಾಯೋದು ನನಗೆ ಅಭ್ಯಾಸ." ಮತ್ತೆ ಸ್ಟೂಲಿನ ಮೇಲೆ ಕೂತ.

ನಾನು ಫೋನಿನ ವೈರು ಸಿಕ್ಕಿಸಿ ಠಾಣೆಗೆ ಮಾಡಿದೆ. ಪೇದೆಯೊಬ್ಬ ಬಂದ. ಇವನು ಕಾರ್ಡು ತೋರಿಸಿದ, ಮದುವೆಯ ಕಾಗದ ತೋರಿಸಿದ. ಎಲ್ಲವನ್ನೂ ತಂದಿದ್ದ. ಪೇದೆಯ ದನಿಯೇ ಬದಲಾಯಿತು. "ಗಂಡ ಹೆಂಡತಿ ವಿಷಯಕ್ಕೆ ನೀವ್ಯಾಕಮ್ಮ ಅಡ್ಡ ಬರ್ತೀರಿ? ಬಾಗಿಲು ತೆಗೆಸಿ."

"ಒಳಗಿನಿಂದ ಅಗುಳಿ ಹಾಕಿದ್ದಾಳೆ, ನಾನೇನು ಮಾಡಲಿ?"

"ಬೀಗ ತೆಗೆಯೋರು ಯಾರಾದ್ರೂ ಇದ್ದಾರಾ ಈ ಬೀದೀಲಿ?"

"ಇದ್ದಾರೆ" ಅಂದೆ. "ನಾನೇ."

ಆಗ ನನ್ನ ತಲೆ ಕೆಲಸ ಮಾಡಿತು. ದೊಡ್ಡ ಪೆಟ್ಟಿಗೆಯನ್ನು ಹೊತ್ತು ಮೇಲೆ ಹತ್ತಿದೆ. ಅವರಿಬ್ಬರೂ ನನ್ನ ಹಿಂದೆ. ಬಾಗಿಲ ಮುಂದೆ ಮಂಡಿಯೂರಿ ಕೂತು, ಒಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, "ಇದು ಅಪ್ಪನ ಕಾಲದ್ದು ಸ್ವಾಮಿ, ಸುಲಭಕ್ಕೆ ಬಗ್ಗಲ್ಲ, ಹೊತ್ತು ಹಿಡಿಯುತ್ತೆ" ಅಂದೆ. ಆ ಅಗುಳಿಯನ್ನು ಸಂದಿನಿಂದ ಬ್ಲೇಡು ತೂರಿಸಿ ಐದು ನಿಮಿಷದಲ್ಲಿ ಸರಿಸಬಹುದು. ನಾನು ಎರಡು ಗಂಟೆ ತೆಗೆದುಕೊಂಡೆ. ಬೇಡದ ಕಡೆ ಅರ ಹಾಕಿ ಉಜ್ಜಿದೆ. ಬ್ಲೇಡು ಮುರಿದೆ, ಇನ್ನೊಂದು ತರಲು ಕೆಳಗೆ ಹೋದೆ, ಅದನ್ನೂ ಮುರಿದೆ. ಬಾಗಿಲಲ್ಲಿ ಸುಮ್ಮನೆ ನಾಲ್ಕು ತೂತು ಕೊರೆದೆ. ಇಷ್ಟು ವರ್ಷದಲ್ಲಿ ಅಷ್ಟು ಕೆಟ್ಟ ಕೆಲಸವನ್ನು ನಾನು ಯಾವತ್ತೂ ಮಾಡಿಲ್ಲ. ಪೇದೆ ಆಕಳಿಸುತ್ತ ಮೆಟ್ಟಿಲ ಮೇಲೆ ಕೂತ. ಅವನು ಮಾತ್ರ ಕದಲಲಿಲ್ಲ. ನನ್ನ ಕೈಯನ್ನೇ ನೋಡುತ್ತ ಗೋಡೆಗೆ ಒರಗಿ ನಿಂತಿದ್ದ.

ಬಾಗಿಲು ತೆರೆದಾಗ ಕೋಣೆ ಖಾಲಿ. ಕಿಟಕಿ ತೆಗೆದಿತ್ತು. ಕಿಟಕಿಯಿಂದ ಟೈಲರಮ್ಮನ ತಾರಸಿಗೆ ಒಂದು ಆಳಿನಷ್ಟು ಅಂತರ.

ಅವನು ಕಿಟಕಿಯ ಹತ್ತಿರ ಹೋಗಲೂ ಇಲ್ಲ. ಮೊಳೆಗೆ ನೇತುಹಾಕಿದ್ದ ಕೋಟನ್ನು ತೆಗೆದು, ಧೂಳು ಕೊಡವಿ, ಮಡಚಿ ತೋಳಿನ ಮೇಲೆ ಹಾಕಿಕೊಂಡ. "ಎರಡು ಗಂಟೆ ಚೆನ್ನಾಗಿ ಕೆಲಸ ಮಾಡಿದ್ರಿ" ಅಂತ ನನಗೆ ಹೇಳಿ ಇಳಿದು ಹೋದ.

ಎರಡನೇ ತಾರೀಖಿನಿಂದ ಹದಿಮೂರರವರೆಗೆ ಹನ್ನೊಂದು ದಿನ. ನಿನಗೆ ನಾಚಿಕೆಯಾಯಿತು ಅಂತ ಬರೆದಿದ್ದೀಯ.  ಆ ಹನ್ನೊಂದು ದಿನವೂ ಅವಳು ಏನೂ ಗೊತ್ತಿಲ್ಲದೆ ಕಿಟಕಿ ತೆಗೆದಿಟ್ಟು ಓಡಾಡುತ್ತಿದ್ದಳು.

ಅಕ್ಕ

ಫೆಬ್ರವರಿ 20

ಅಕ್ಕಾ,

ಏನು ಬರೆದರೂ ಅದು ಸಮಜಾಯಿಷಿಯಾಗುತ್ತದೆ. ಬರೆಯುವುದಿಲ್ಲ.

ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಕಡತ ತರಿಸಿ ನೋಡಿದರು. ಕಳುಹಿಸಿದವರು ಪ್ರಕಟಣೆಗೆ ಒಪ್ಪಿದ್ದಾರೆ, ವಿಳಾಸವನ್ನು ಅವರೇ ಬರೆದಿದ್ದಾರೆ, ಸಭೆಯ ಸದಸ್ಯರು ದಾಖಲೆ ನೋಡಬಹುದು. "ಎಲ್ಲೂ ನಿಯಮ ಮೀರಿಲ್ಲ ರೀ" ಅಂದರು. ಬಂದ ಅಭಿಪ್ರಾಯಗಳನ್ನೆಲ್ಲ ಸೇರಿಸಿದ ಅನುಬಂಧ ಅಚ್ಚಿಗೆ ಹೋಗುವುದರಲ್ಲಿದೆ. ಅದರಲ್ಲಿ ನಿನ್ನದೊಂದೇ ಅಲ್ಲ, ಬರೆದ ಎಲ್ಲರ ವಿಳಾಸಗಳೂ ಇವೆ. ಅಂತಿಮ ಕರಡು ಬರೆಯುವ ಐದು ಜನರಲ್ಲಿ ಆ ಸಲಹೆಗಾರರೂ ಒಬ್ಬರು. ನೊಂದವರ ರಕ್ಷಣೆಯ ಅಧ್ಯಾಯವನ್ನು ತಾವೇ ಬರೆಯುತ್ತೇನೆಂದು ಕೇಳಿ ಹಾಕಿಸಿಕೊಂಡಿದ್ದಾರೆ.

ಮಾರ್ಚ್ ನಾಲ್ಕರಂದು ಕೊನೆಯ ಬಹಿರಂಗ ಸಭೆ. ಅಲ್ಲಿ ನಾನು ಎದ್ದು ನಿಂತು ಮಾತಾಡಬೇಕೆಂದಿದ್ದೇನೆ. ಈ ಸಲ ಕೇಳಿಯೇ ಮಾಡುತ್ತೇನೆ. ಟೀಚರ್ ಬೇಡ ಅಂದರೆ ಬಾಯಿ ಬಿಡುವುದಿಲ್ಲ. ಅವರು ಎಲ್ಲಿದ್ದಾರೆ? ಚೆನ್ನಾಗಿದ್ದಾರಾ?

ತಮ್ಮ

ಫೆಬ್ರವರಿ 26

ತಮ್ಮಾ,

ಇದರೊಳಗೆ ಎರಡು ಹಾಳೆಗಳಿವೆ. ನಾಲ್ಕಾಗಿ ಮಡಚಿದ ಗುರುತು ಹಾಗೇ ಇದೆ. ಆ ದಿನ ಹಿಡಿದುಕೊಂಡು ಇಳಿದಿದ್ದಳಲ್ಲ, ಅವೇ. ನನ್ನ ಕೈಗೆ ಹೇಗೆ ಬಂದವು ಅಂತ ಕೇಳಬೇಡ. ಅವಳು ಹೇಳಿ ಕಳಿಸಿದ್ದು ಇಷ್ಟು: "ಓದಲಿ. ಪೂರ್ತಿ ಓದಲಿ. ಮಧ್ಯೆ ಬಿಡೋದು ಬೇಡ." ನಂಬರು ಹಾಕಬೇಡ, ಕಡತಕ್ಕೆ ಸೇರಿಸಬೇಡ. ಓದಿದ ಮೇಲೆ ಸುಟ್ಟುಬಿಡು.

ಅವನು ಹೋದ ಶನಿವಾರ ಮತ್ತೆ ಬಂದಿದ್ದ. ರಿಪೇರಿಗೆಂದು ಒಂದು ಬೀಗ ತಂದಿದ್ದ. ಅದರಲ್ಲಿ ಏನೂ ಕೆಟ್ಟಿರಲಿಲ್ಲ. "ಏನಾದ್ರೂ ಸುದ್ದಿ ಗೊತ್ತಾಯ್ತಾ?" ಅಂತ ಕೇಳಿದ. ಇಲ್ಲ ಅಂದೆ. ಟೈಲರಮ್ಮನ ಅಂಗಡಿಗೂ ಹೋಗಿ ಅದೇ ಪ್ರಶ್ನೆ ಕೇಳಿದನಂತೆ. ಅವನ ತೋಳಿನ ಮೇಲೆ ಆ ಕೋಟು ಇತ್ತು.

ಅಕ್ಕ

ಮಾರ್ಚ್ 6

ಅಕ್ಕಾ,

ಓದಿದೆ. ಸಭಾಂಗಣದಲ್ಲಿ ಮುನ್ನೂರು ಜನರಿದ್ದರು. ನನ್ನ ಸರದಿ ಇರಲಿಲ್ಲ. ಕಂಪನಿಯವರೊಬ್ಬರು ಮಾತು ಮುಗಿಸಿ ಕೂತ ಕೂಡಲೇ ನಾನು ಮೈಕಿನ ಹತ್ತಿರ ಹೋಗಿ ನಿಂತೆ. ಮೇಡಂ ನನ್ನನ್ನು ತಡೆಯುತ್ತಾರೆ ಅಂದುಕೊಂಡಿದ್ದೆ. ತಡೆಯಲಿಲ್ಲ.

ಟೀಚರ್ ಬರೆದದ್ದನ್ನು ಒಂದಕ್ಷರ ಬಿಡದೆ ಓದಿದೆ. ತಾರೀಖು, ಗಂಟೆ, ಬಾಗಿಲು ಎಷ್ಟು ಹೊತ್ತು ತೆರೆಯಲಿಲ್ಲ, ಹೀಟರ್ ಎಷ್ಟು ದಿನ ಆರಿತ್ತು. ಗಣಿತದವರು ಬರೆದ ಹಾಗೆ ಬರೆದಿದ್ದಾರೆ, ಎಲ್ಲೂ ಅಳು ಇಲ್ಲ. ಕೊನೆಯ ಸಾಲು ಹೀಗಿತ್ತು: 'ನನ್ನನ್ನು ಯಾರೂ ಹೊಡೆದಿಲ್ಲ; ಹಾಗಾಗಿ ತೋರಿಸಲು ನನ್ನ ಹತ್ತಿರ ಗಾಯವಿಲ್ಲ.'

ಆಮೇಲೆ ನನ್ನದನ್ನು ಹೇಳಿದೆ. ಈಕೆ ಅಡಗಿದ್ದ ಜಾಗವನ್ನು ಹೇಳಿದವನು ನಾನು, ಕೇಳಿಕೊಂಡು ಅಲ್ಲಿಗೆ ಹೋದವರು ಈ ಸಭೆಯಲ್ಲಿ ಮೊದಲ ಸಾಲಿನಲ್ಲಿದ್ದಾರೆ ಅಂದೆ. ಹೆಸರು ಹೇಳಲಿಲ್ಲ, ಅವರನ್ನೇ ನೋಡಿದೆ. ಹೇಳಬೇಕಾಗಲೂ ಇಲ್ಲ, ಪಕ್ಕದಲ್ಲಿದ್ದವರು ತಾವಾಗಿಯೇ ಸ್ವಲ್ಪ ಸ್ವಲ್ಪ ಸರಿದು ಕೂತರು.

ಅವರು ಅಷ್ಟು ಹೊತ್ತೂ ಕೈಕಟ್ಟಿ ಕೇಳುತ್ತಿದ್ದರು. ನಾನು ಮುಗಿಸಿದ ಮೇಲೆ ಎದ್ದು, ಎಂದಿನ ಮೆದು ದನಿಯಲ್ಲಿ, "ಈಗ ಓದಿದ ಅಹವಾಲಿನ ಸ್ವೀಕೃತಿ ಸಂಖ್ಯೆ ಏನು? ಎಲ್ಲಿಂದ ಬಂದದ್ದು ಅಂತ ನೋಡಬೇಕಿತ್ತು" ಅಂದರು.

ನಾನು ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡೆ. ಉತ್ತರ ಕೊಟ್ಟದ್ದು ಮೇಡಂ. "ಸಂಖ್ಯೆ ಇಲ್ಲ. ಕೊಡೋದೂ ಇಲ್ಲ. ಕೂತ್ಕೊಳ್ಳಿ" ಅಂದರು.

ಅವರು ಕೂರಲಿಲ್ಲ. ಫೈಲು ಎತ್ತಿಕೊಂಡು, ಮೇಡಂಗೆ ನಮಸ್ಕಾರ ಮಾಡಿ, ಮಧ್ಯದ ದಾರಿಯಲ್ಲಿ ನಡೆದು ಹೋದರು. ಯಾರೂ ತಡೆಯಲಿಲ್ಲ. ತಡೆಯಲು ಆಧಾರವಾಗುವಂಥ ನಿಯಮ ಇನ್ನೂ ಬರೆದಾಗಿಲ್ಲ.

ಅನುಬಂಧದಿಂದ ವಿಳಾಸಗಳನ್ನು ತೆಗೆಯುತ್ತಾರೆ. ಮನೆಯಲ್ಲಿ ವಾಸವಿರುವವರು ಕೇಳಿದ ದಿನವೇ ಸಾಧನವನ್ನು ಬೇರೆಯವರ ಹಿಡಿತದಿಂದ ಬಿಡಿಸಿಕೊಡಬೇಕು ಅನ್ನುವ ಸಾಲು ಕರಡಿಗೆ ಸೇರಿದೆ. ಅದರ ಮುಂದೆ 'ಸಾಧ್ಯವಾದಷ್ಟು ಮಟ್ಟಿಗೆ' ಅಂತ ಯಾರೋ ಸೇರಿಸಿದ್ದಾರೆ. ಅದನ್ನು ತೆಗೆಸಲು ಮೇಡಂ ಗುದ್ದಾಡುತ್ತಿದ್ದಾರೆ. ಸಂಘದವರು ಆ ಸಲಹೆಗಾರರ ಬದಲು ಬೇರೊಬ್ಬರನ್ನು ಕಳಿಸುತ್ತಾರಂತೆ. ನನ್ನನ್ನು ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ಹೊರಗಿಟ್ಟಿದ್ದಾರೆ. ಸರಿಯಾಗಿಯೇ ಇದೆ. ಹಾಳೆಗಳನ್ನು ಸುಟ್ಟೆ.

ಸಭೆಯಾದ ಮೇಲೆ ಅವರನ್ನು ನೋಡಿದವರಿಲ್ಲ. ಮನೆಯಲ್ಲೂ ಇಲ್ಲವಂತೆ, ಕಚೇರಿಯಲ್ಲೂ ಇಲ್ಲವಂತೆ.

ಟೀಚರಿಗೆ ಒಂದೇ ಒಂದು ಪತ್ರ ಬರೆದು ಕ್ಷಮೆ ಕೇಳಬೇಕು. ಎಲ್ಲಿಗೆ ಬರೆಯಲಿ?

ನಿನ್ನ ತಮ್ಮ

ಮಾರ್ಚ್ 12

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಮೈಕಿನ ಮುಂದೆ ನಿಂತದ್ದನ್ನು ಊಹಿಸಿಕೊಂಡೆ. ಚಿಕ್ಕಂದಿನಲ್ಲಿ ನೀನು ಹಾಜರಿ ಕೂಗಿದರೂ ನಡುಗುತ್ತಿದ್ದವನು. ನಿಮ್ಮ ಮೇಡಂಗೆ ನನ್ನ ನಮಸ್ಕಾರ ಹೇಳು.

ಮೊದಲನೇ ತಾರೀಖಿನ ಶನಿವಾರ ಅವನು ಬಂದಿದ್ದ. ಎಂಟರ ಶನಿವಾರ ಬರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಂದರೆ ಕಣ್ಣೆದುರಿಗೆ ಸ್ಟೂಲಿನ ಮೇಲೆ ಕೂತಿರುತ್ತಾನೆ. ಬರದಿದ್ದರೆ ಎಲ್ಲಿ ಕೂತಿದ್ದಾನೆ ಅಂತ ಯೋಚಿಸಬೇಕು. ಟೈಲರಮ್ಮನೂ ನಾನೂ ಬೀದಿಯಲ್ಲಿ ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. ಅವಳ ಮಗಳು ಲೆಕ್ಕದ ಪುಸ್ತಕ ಮುಚ್ಚಿಟ್ಟು, ಟೀಚರ್ ಯಾವಾಗ ಬರುತ್ತಾರೆ ಅಂತ ಇಬ್ಬರನ್ನೂ ಕೇಳುತ್ತಾಳೆ. ಅವಳಿಗೂ ನಾವು ಹೇಳಿಲ್ಲ.

ಕೆಲಸವಿಲ್ಲದೆ ಅಲ್ಲಿ ಕೂತು ಏನು ಮಾಡುತ್ತೀಯ? ಇಲ್ಲಿಗೆ ಬಾ. ಆ ಬಾಗಿಲಲ್ಲಿ ನಾನು ಕೊರೆದ ತೂತುಗಳನ್ನು ಮುಚ್ಚಬೇಕು, ಹಲಗೆ ಹಿಡಿದುಕೊಳ್ಳಲು ಒಬ್ಬರು ಬೇಕು. ಇರುವಷ್ಟು ದಿನ ಇರು.

ಟೀಚರ್ ಬದುಕಿದ್ದಾಳೆ, ಊಟ ಮಾಡುತ್ತಿದ್ದಾಳೆ. ಇಷ್ಟನ್ನು ಹೇಳಬಹುದು. ಅವಳೆಲ್ಲಿದ್ದಾಳೆ ಅಂತ ಎರಡು ಪತ್ರಗಳಲ್ಲಿ ಕೇಳಿದ್ದೀಯ. ಕೆಟ್ಟ ಮನಸ್ಸಿನಿಂದ ಕೇಳಿಲ್ಲ ಅಂತ ನನಗೆ ಗೊತ್ತು. ಆ ದಿನ ಅವನಿಗೆ ಹೇಳಿದಾಗಲೂ ನಿನಗೆ ಕೆಟ್ಟ ಮನಸ್ಸಿರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಅವಳನ್ನು ಕರೆದಾಗ ನನಗೂ ಇರಲಿಲ್ಲ. ಅದಕ್ಕೇ ಮೊನ್ನೆ ಟೈಲರಮ್ಮನಿಗೆ ಹೇಳಿದ್ದೇನೆ, ಅವಳನ್ನು ಇನ್ನೊಂದು ಕಡೆಗೆ ಸಾಗಿಸುವಾಗ ಎಲ್ಲಿಗೆ ಅಂತ ನನಗೂ ತಿಳಿಸಬೇಡ ಅಂತ. ನಿನ್ನೆ ಸಾಗಿಸಿದರು.

ನಿನ್ನ ಅಕ್ಕ